ಅಮ್ಮನೋ, ಇಂಜೆಕ್ಷನ್ನೋ

ಮೊದಲು ಕಂಡದ್ದು ಎಡಗೈ ಮೊಣಕೈ ಒಳಗೆ. ನಾಲ್ಕೈದು ಕೆಂಪು ದದ್ದು. ಮಳವಳ್ಳಿಯ ನನ್ನ ಟೈಲರಿಂಗ್ ಅಂಗಡಿಯಲ್ಲಿ ಕೂತು ಯಾರದ್ದೋ ಮದುವೆ ಬ್ಲೌಸಿಗೆ ಜರಿ ಬಾರ್ಡರ್ ಕೂರಿಸುತ್ತಿದ್ದೆ. ಜರಿ ಚುಚ್ಚಿರಬೇಕು ಅಂದುಕೊಂಡು ಕೆರೆದುಕೊಂಡೆ. ಕೆರೆದಷ್ಟೂ ಎದ್ದವು. ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಹೊಟ್ಟೆ, ಬೆನ್ನು, ತೊಡೆ, ಎಲ್ಲಾ ಕಡೆ ಗಂದೆ. ಪರದೆ ಎಳೆದು ಕನ್ನಡಿ ಮುಂದೆ ನಿಂತೆ.

ಇದು ನನ್ನ ಮೈಯಾ ಅನ್ನಿಸಿತು.

ಆಮೇಲೆ ನೆನಪಾಯಿತು. ಹಿಂದಿನ ದಿನ ತಾನೇ ನಾಯಿ ಕಡಿತದ ಮೂರನೇ ಇಂಜೆಕ್ಷನ್ ಹಾಕಿಸಿಕೊಂಡಿದ್ದೆ.

ನಾಯಿ ಎಲ್ಲಿಂದಲೋ ಬಂದದ್ದಲ್ಲ, ನಮ್ಮ ಬೀದಿಯದ್ದೇ. ಮದ್ದೂರು ರಸ್ತೆಯಲ್ಲಿ ಬಸ್ಸಿಳಿದು ಒಳಕ್ಕೆ ಸ್ವಲ್ಪ ನಡೆದರೆ ನಮ್ಮೂರು. ದಿನಾ ಸಂಜೆ ಡಬ್ಬಿಯಲ್ಲಿ ಉಳಿದ ಅನ್ನವನ್ನು ಅದಕ್ಕೆ ಹಾಕುತ್ತಿದ್ದವಳು ನಾನೇ. ಅವತ್ತು ಅನ್ನದ ಕಡೆ ತಿರುಗಿಯೂ ನೋಡದೆ ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಮಳವಳ್ಳಿ ಆಸ್ಪತ್ರೆಯಲ್ಲಿ ಗಾಯ ನೋಡಿದವರು ಹಲ್ಲು ಆಳಕ್ಕಿಳಿದಿದೆ, ನಂಜನ್ನು ತಕ್ಷಣ ತಡೆಯುವ ಸೀರಂ ಕೊಡಬೇಕು ಅಂತ ಮಂಡ್ಯಕ್ಕೆ ಬರೆದುಕೊಟ್ಟರು. ಮಂಡ್ಯದಲ್ಲಿ ಗಾಯದ ಸುತ್ತ ಸೀರಂ ಚುಚ್ಚಿದರು. ತೋಳಿಗೆ ಮೊದಲ ಲಸಿಕೆ ಹಾಕಿದರು. ಕೀವಾಗದಿರಲಿ ಎಂದು ಆಂಟಿಬಯಾಟಿಕ್ ಮಾತ್ರೆ ಕೊಟ್ಟರು. ಇನ್ನೂ ನಾಲ್ಕು ಇಂಜೆಕ್ಷನ್ ಇದೆ, ಮಳವಳ್ಳಿಯಲ್ಲೇ ಹಾಕಿಸಿಕೊಳ್ಳಿ, ಒಂದನ್ನೂ ತಪ್ಪಿಸಬೇಡಿ ಅಂದರು. ಯಾಕೆ ಅಂತ ಕೇಳುವುದೇ ಬೇಕಿರಲಿಲ್ಲ. ಹುಚ್ಚುನಾಯಿ ರೋಗ ಒಮ್ಮೆ ಶುರುವಾದರೆ ಔಷಧಿಯೇ ಇಲ್ಲ, ಮನುಷ್ಯ ಉಳಿಯುವುದಿಲ್ಲ ಅಂತ ಅಲ್ಲೇ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ನಾಯಿ ಕಣ್ಣ ಮುಂದೆ ಇದ್ದಿದ್ದರೆ ಅದಕ್ಕೆ ಹುಚ್ಚು ಹಿಡಿದಿತ್ತೋ ಇಲ್ಲವೋ ಅಂತಾದರೂ ಗೊತ್ತಾಗುತ್ತಿತ್ತು. ಅದು ಕಚ್ಚಿದ ಮಾರನೇ ದಿನದಿಂದ ಕಾಣಲಿಲ್ಲ. ಸತ್ತಿತೋ, ಯಾರಾದರೂ ಅಟ್ಟಿದರೋ, ಇವತ್ತಿಗೂ ತಿಳಿಯದು.

ಗಂದೆ ಎದ್ದ ದಿನ ಅಂಗಡಿ ಬಾಗಿಲೆಳೆದು ಬೇಗ ಮನೆಗೆ ಬಂದೆ. ನಮ್ಮತ್ತೆ ನಿಂಗಮ್ಮ ಜಗುಲಿ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಅಂದರೆ ಮಾತು ಬದಲಾಯಿಸುತ್ತಾರೆ. ನನ್ನನ್ನು ಬೆಳಕಿಗೆ ತಿರುಗಿಸಿ, ಸೆರಗು ಸರಿಸಿ, ಮುಖ ಹತ್ತಿರ ತಂದು ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿದರು. ನನಗಲ್ಲ, ನನ್ನ ಹೊಟ್ಟೆ ಮೇಲಿನ ದದ್ದುಗಳಿಗೆ.

"ಅಮ್ಮ ಬಂದವ್ಳೆ ಕಣವ್ವ," ಅಂದರು.

ನಮ್ಮ ಕಡೆ ಮೈಮೇಲೆ ಹೀಗೆ ಎದ್ದರೆ ಅದು ಕಾಯಿಲೆಯಲ್ಲ, ಮಾರಮ್ಮ ಮನೆಗೆ ಬಂದಿದ್ದಾಳೆ ಅಂತ ಲೆಕ್ಕ. ಬಂದ ತಾಯಿಯನ್ನು ತಂಪಾಗಿ ನೋಡಿಕೊಳ್ಳಬೇಕು. ಸಂಜೆಯೊಳಗೆ ಬಾಗಿಲಿಗೆ ಬೇವಿನ ಸೊಪ್ಪು ಬಂತು. ಸಾರಿಗೆ ಒಗ್ಗರಣೆ ನಿಂತಿತು. ತಲೆ ಬಾಚಬಾರದು, ಹೊರಗಿನವರು ಒಳಕ್ಕೆ ಬರಬಾರದು. ಎಲ್ಲಕ್ಕಿಂತ ದೊಡ್ಡದು, ಮೈಗೆ ಸೂಜಿ ಸೋಕಬಾರದು. ಸೋಕಿದರೆ ಅಮ್ಮ ಮುನಿದು ಕಣ್ಣು ತೆಗೆದುಕೊಳ್ಳುತ್ತಾಳಂತೆ. ತಾಯಿ ತಾನಾಗಿ ಇಳಿದ ಮೇಲೆ ಬೇವಿನ ನೀರು ಹುಯ್ದು, ತಂಬಿಟ್ಟು, ಮೊಸರನ್ನ ಇಟ್ಟು ಗುಡಿಯವರೆಗೂ ಹೋಗಿ ಕಳಿಸಿ ಬರಬೇಕು. ಅಲ್ಲಿಯವರೆಗೆ ಆಸ್ಪತ್ರೆ ಮಾತು ಎತ್ತುವ ಹಾಗಿಲ್ಲ. ಅತ್ತೆ ಮನೆಯಲ್ಲಿದ್ದ ನನ್ನ ಹೊಲಿಗೆ ಮಿಷಿನ್ನಿಗೂ ಒಂದು ಹಳೇ ಸೀರೆ ಹೊದಿಸಿದರು.

ಅಲ್ಲ, ಹೊಲಿದು ತಿನ್ನುವವಳಿಗೆ ಸೂಜಿ ಮುಟ್ಟಬೇಡ ಅಂದರೆ ಇನ್ನೇನು ಉಳಿಯಿತು?

ನಾನು ಜಗಳ ಆಡಬಹುದಿತ್ತು. ಬಾಯಿಗೇನೂ ಕಮ್ಮಿ ಇಲ್ಲ ನನಗೆ, ಅಳತೆ ಸರಿಯಿಲ್ಲ ಅಂತ ಬಂದ ಗಿರಾಕಿಗಳನ್ನು ಕೇಳಿ ನೋಡಿ. ಅಮ್ಮನದ್ದಾದರೆ ನೀರು ತುಂಬಿದ ಗುಳ್ಳೆ ಇರಬೇಕಲ್ಲ, ಇದು ಚಪ್ಪಟೆ ಇದೆಯಲ್ಲ ಅಂತ ಒಂದು ಮಾತು ಅಂದೆ. ಒಬ್ಬೊಬ್ಬರಿಗೆ ಒಂದೊಂದು ಥರ ಬರುತ್ತಾಳೆ ಅಂದರು. ಇಡೀ ಬೀದಿಯ ಮಕ್ಕಳಿಗೆ ಬೇವು ಬೀಸಿದವರು, ಅವರಿಗೆ ಗೊತ್ತೋ ನನಗೆ ಗೊತ್ತೋ? ಅದಕ್ಕಿಂತ ನಿಜ ಹೇಳಬೇಕೆಂದರೆ, ನನಗೇ ಇಂಜೆಕ್ಷನ್ ಮೇಲೆ ಭಯ ಹುಟ್ಟಿತ್ತು. ಮೂರಕ್ಕೇ ಹೀಗಾದರೆ ನಾಲ್ಕಕ್ಕೆ ಏನು ಗತಿ? ಇಂಜೆಕ್ಷನ್ ಬೇಡ ಅಂತ ಹೇಳುವ ಕೆಲಸವನ್ನು ನನ್ನ ಬದಲು ಅತ್ತೆಯೇ ಮಾಡುತ್ತಿದ್ದರು, ನಾನು ಸುಮ್ಮನೆ ಮಲಗಿದೆ.

ನಮ್ಮೆಜಮಾನ್ರು ಮದ್ದೂರಿನ ಎಳನೀರು ಮಾರ್ಕೆಟ್ಟಿಗೆ ಗೂಡ್ಸ್ ಆಟೋ ಹೊಡೆಯುತ್ತಾರೆ. ಅಲ್ಲಿನ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರಂತೆ, ಉಷ್ಣ ಅಂದರಂತೆ, ಎಳನೀರು ತಂದರು. ಪಕ್ಕದ ಮನೆ ರತ್ನಕ್ಕ ಕಾಂಪೌಂಡಿನ ಆಚೆಯಿಂದಲೇ ನೋಡಿ, ನಾಯಿ ನಂಜು ಆಚೆಗೆ ಬರುತ್ತಿದೆ, ಬರಲಿ ಬಿಡು, ಒಳ್ಳೇದು ಅಂದಳು. ನನ್ನ ತಮ್ಮ ಫೋನಿನಲ್ಲಿ ಇನ್ನೊಂದು ಇಂಜೆಕ್ಷನ್ ಹಾಕಿಸಿಕೊಂಡರೆ ಸಾಯುತ್ತೀಯ ಅಂದ. ಹಾಕಿಸಿಕೊಳ್ಳದಿದ್ದರೆ ಅಂತ ಕೇಳಿದೆ. ಭಾವನಿಗೆ ಫೋನ್ ಕೊಡು ಅಂದ.

ನಮ್ಮೆಜಮಾನ್ರನ್ನು ನೀವೇನಂತೀರಿ ಅಂತ ಕೇಳಿದರೆ, "ಡಾಕ್ಟ್ರು ಒಂದೇಳ್ತಾರೆ, ಅವ್ವ ಒಂದೇಳ್ತಾಳೆ, ನಾನೇನ್ ಏಳ್ಲಿ?" ಅಂದು ಆಟೋ ತೊಳೆಯಲು ಹೋದರು. ಪಾಪ, ಒಂದೇ ಆಟೋವನ್ನು ಅದೆಷ್ಟು ಸಲ ತೊಳೆದರೋ.

ಆಮೇಲೆ ಗೆಣ್ಣುಗಳು ನೋಯಲು ಶುರುವಾದವು. ಬೆರಳು ಊದಿತು. ಕತ್ತರಿ ಹಿಡಿದು ನೋಡಿದೆ, ಹೆಬ್ಬೆರಳು ಮಡಿಸಲಾಗಲಿಲ್ಲ. ಆಗ ನನಗೆ ನಿಜವಾಗಿ ಅಳು ಬಂತು. ಇದು ಲಸಿಕೆಯ ತೊಂದರೆಯಾ, ಅಮ್ಮನ ಕಾಟವಾ, ಅಥವಾ ಆ ರೋಗವೇ ಹೀಗೆ ಶುರುವಾಗುತ್ತದಾ? ಒಂದೊಂದು ಗಂಟೆಗೆ ಒಂದೊಂದು ಅನ್ನಿಸುತ್ತಿತ್ತು. ಬೆಳಿಗ್ಗೆ ಬೇವಿನ ಗಾಳಿಗೆ ತುರಿಕೆ ತಗ್ಗಿದರೆ ಅಮ್ಮನೇ ಸರಿ ಅನ್ನಿಸುವುದು. ಮಧ್ಯಾಹ್ನ ಮತ್ತೆ ಎದ್ದರೆ ಇಂಜೆಕ್ಷನ್ನೇ ಇರಬೇಕು ಅನ್ನಿಸುವುದು.

ಆ ದಿನಗಳಲ್ಲಿ ಅತ್ತೆ ಒಂದು ರೂಢಿ ಮಾಡಿಕೊಂಡಿದ್ದರು. ನಾನು ಏಳುತ್ತಿದ್ದಂತೆ ಒಂದು ಚೊಂಬು ನೀರು ತಂದು ಕೊಡುವುದು, ಕುಡಿದು ಮುಗಿಸುವವರೆಗೂ ಎದುರಿಗೆ ನಿಲ್ಲುವುದು. ಅಮ್ಮನಿಗೆ ತಂಪಾಗಲಿ ಅಂತ ಇರಬೇಕು ಅಂದುಕೊಂಡಿದ್ದೆ. ಮುಖ ತೊಳೆಯುವ ಮುಂಚೆಯೇ ಇದೇನು ಹಿಂಸೆ ಅಂತ ಗೊಣಗುತ್ತಲೇ ಕುಡಿಯುತ್ತಿದ್ದೆ.

ನಾಲ್ಕನೇ ಇಂಜೆಕ್ಷನ್ನಿನ ದಿನ ಮಂಗಳವಾರ ಬಿದ್ದಿತ್ತು.

ಮಂಗಳವಾರ ಹೋಯಿತು. ಯಾರೂ ಆ ಮಾತು ಎತ್ತಲಿಲ್ಲ.

ಬುಧವಾರವೂ ಹೋಯಿತು.

ಗುರುವಾರ ಬೆಳಿಗ್ಗೆ ಎಂದಿನಂತೆ ಚೊಂಬು ಬಂತು. ಗಟಗಟ ಕುಡಿಯುವಾಗ ನೀರು ಅಡ್ಡ ಹೋಗಿ ನೆತ್ತಿಗೇರಿತು. ಕೆಮ್ಮು ಬಂದು ನೀರೆಲ್ಲ ಸೀರೆ ಮೇಲೆ ಚೆಲ್ಲಿತು. ಅಷ್ಟೇ. ಯಾರಿಗೆ ಆಗುವುದಿಲ್ಲ? ತಲೆಯೆತ್ತಿ ನೋಡಿದರೆ ಅತ್ತೆ ಗೋಡೆಗೆ ಒರಗಿ ಕುಸಿಯುತ್ತಿದ್ದಾರೆ.

"ನುಂಗಕ್ಕಾಯ್ತದಾ?" ಅಂದರು. "ಇನ್ನೊಂದ್ ಗುಟುಕು ಕುಡಿ. ನನ್ ಮುಂದೇ ಕುಡಿ."

ಕುಡಿದೆ. ಇಳಿಯಿತು. ಇನ್ನೊಂದು ಗುಟುಕು ಕುಡಿದೆ. ಅದೂ ಇಳಿಯಿತು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ಮದುವೆಯಾಗಿ ಬಂದಾಗಿನಿಂದ ಅವರು ಅತ್ತದ್ದು ನಾನು ನೋಡಿರಲಿಲ್ಲ.

"ನಮ್ಮಣ್ಣಂಗೆ ಇಂಗೇ ಸುರುವಾಗಿದ್ದು," ಅಂದರು. "ನಾಯಿ ಕಡುದಿತ್ತು, ಸೊಪ್ಪಿನ ರಸ ಕುಡ್ಸಿ ಸುಮ್ನಾದ್ರು. ಆಮ್ಯಾಕೆ ಒಂದಿನ ನೀರು ಗಂಟ್ಲಲ್ಲಿ ಇಳೀನಿಲ್ಲ. ಕೊನ್ಗೆ ಚೊಂಬು ಕಂಡ್ರೇ ಕೂಗ್ಕತಿದ್ದ. ಅದ್ಕೇ ದಿನಾ ನಿಂಗೆ ನೀರ್ ಕೊಟ್ಟು ನೋಡ್ತಿದ್ದೆ ಕಣವ್ವ. ಅತ್ಲಾಗ್ ನಾಯಿ, ಇತ್ಲಾಗ್ ಅಮ್ಮ. ಯಾರ್ ಮಾತ್ ಕೇಳ್ಲಿ ನಾನು?"

ಮನೆಯಲ್ಲಿ ಗೊಂದಲ ಇರುವುದು ನನಗೊಬ್ಬಳಿಗೇ, ಅತ್ತೆಗೆ ಎಲ್ಲ ಗೊತ್ತು ಅಂದುಕೊಂಡು ಅಷ್ಟು ದಿನ ಮಲಗಿದ್ದೆ. ಅವರು ನನಗಿಂತ ಹೆಚ್ಚು ಹೆದರಿದ್ದರು. ನನ್ನ ಮೇಲೇ ನನಗೆ ಸಿಟ್ಟು ಬಂತು, ಅವರನ್ನು ನೋಡಿ ಅಯ್ಯೋ ಅನ್ನಿಸಿತು. ಅವರ ಕೈ ಹಿಡಿದುಕೊಂಡು, ಅತ್ತೆ, ಮೊದಲು ಆಸ್ಪತ್ರೆಗೆ ಹೋಗೋಣ ಅಂದೆ.

ಆದರೆ ಅಮ್ಮನನ್ನು ಮನೆಯಲ್ಲಿಟ್ಟುಕೊಂಡು ಅವರು ಹೊರಡುವವರಲ್ಲ. ಮೈಮೇಲೆ ಗಂದೆ ಹಾಗೇ ಇರುವಾಗಲೇ, ಅವರೇ ಹೇಳಿದ ಕಟ್ಟಳೆಯನ್ನು ಅವರೇ ಮುರಿದು, ತಾಯಿಯನ್ನು ಕಳಿಸಿಕೊಡಲು ನಿಂತರು. ಬೇವಿನ ನೀರು ಕಾಯಿಸಿ ನನ್ನ ತಲೆ ಮೇಲೆ ಹುಯ್ದರು. ತಂಬಿಟ್ಟು ಹಿಡಿದರು, ಮೊಸರನ್ನ ಕಲಸಿದರು. ನಮ್ಮೆಜಮಾನ್ರು ಆಟೋದಲ್ಲೇ ಮಾರಮ್ಮನ ಗುಡಿಗೆ ಕರೆದುಕೊಂಡು ಹೋದರು. ಅತ್ತೆ ಎಡೆ ಇಟ್ಟು ಅಡ್ಡಬಿದ್ದರು. ಏಳಲೇ ಇಲ್ಲ. ಏನೋ ಹೇಳಿಕೊಳ್ಳುತ್ತಿದ್ದರು. ಎಬ್ಬಿಸೋಣ ಅಂತ ಬಗ್ಗಿದಾಗ ಕೇಳಿಸಿತು.

"ತಾಯಿ, ನಿನ್ನ ಅರ್ಧಕ್ಕೆ ಕಳುಸ್ತಾ ಇವ್ನಿ. ತಪ್ಪಾಗಿದ್ರೆ ನನ್ ಕಣ್ ತಕೋ. ಅವ್ಳು ಬಟ್ಟೆ ಒಲಿಯೋಳು, ಅವ್ಳ ಕಣ್ ಮುಟ್ಬ್ಯಾಡ."

ಅಲ್ಲಿಂದ ಮಳವಳ್ಳಿವರೆಗೆ ನಾನು ರಸ್ತೆ ನೋಡುತ್ತಾ ಕೂತಿದ್ದೆ. ಗಂಟಲು ಹಿಡಿದಿತ್ತು. ಅದು ಅಳುವಿಗೆ ಹಿಡಿದದ್ದು ಅಂತ ಗೊತ್ತಿದ್ದರೂ, ಎಲ್ಲಿ ಅದೇ ಶುರುವಾಯಿತೋ ಅಂತ ಎರಡು ಸಲ ಎಂಜಲು ನುಂಗಿ ನೋಡಿಕೊಂಡೆ.

ಆಸ್ಪತ್ರೆಯಲ್ಲಿದ್ದ ಲೇಡಿ ಡಾಕ್ಟರು ದದ್ದು ನೋಡಿದರು, ಗೆಣ್ಣು ಒತ್ತಿದರು, ಉಸಿರು ಕಟ್ಟುತ್ತದಾ, ಮುಖ ಊದಿತ್ತಾ ಅಂತ ಕೇಳಿದರು. ಇದು ಸಿಡುಬಿನ ಥರದ್ದಲ್ಲ, ಅಲರ್ಜಿ ಅಂದರು. ಯಾವುದರಿಂದ ಮೇಡಂ, ಇಂಜೆಕ್ಷನ್ನಿಂದಲಾ ಅಂದೆ.

"ಸೀರಂನಿಂದ ಇರಬಹುದು, ಗೆಣ್ಣು ನೋವೂ ಇರೋದ್ರಿಂದ ನನಗೆ ಅದೇ ಜಾಸ್ತಿ ಅನುಮಾನ. ಮಾತ್ರೆಯಿಂದ ಇರಬಹುದು, ಲಸಿಕೆಯಿಂದಲೂ ಇರಬಹುದು. ಇದೇ ಅಂತ ಖಂಡಿತ ಹೇಳಕ್ಕಾಗಲ್ಲಮ್ಮ. ಆದ್ರೆ ಲಸಿಕೆ ನಿಲ್ಲಿಸಕ್ಕಂತೂ ಆಗಲ್ಲ. ದದ್ದಿಗೆ ಔಷಧಿ ಇದೆ, ಹುಚ್ಚುನಾಯಿ ರೋಗಕ್ಕೆ ಇಲ್ಲ."

ಇಷ್ಟು ದಿನದಲ್ಲಿ ಗೊತ್ತಿಲ್ಲ ಅಂದವರು ಅವರೊಬ್ಬರೇ. ವಿಚಿತ್ರ ಅಂದರೆ ಆ ಮಾತಿಗೇ ನನಗೆ ಧೈರ್ಯ ಬಂತು. ಆಂಟಿಬಯಾಟಿಕ್ ನಿಲ್ಲಿಸಿದರು, ಅಲರ್ಜಿಗೆ ಬೇರೆ ಮಾತ್ರೆ ಕೊಟ್ಟರು, ತಡವಾದದ್ದಕ್ಕೆ ಸ್ವಲ್ಪ ಬೈದರು. ನಾಲ್ಕನೆಯದು ಹಾಕಿ, ಏನಾದರೂ ಆದರೆ ನೋಡಿಕೊಳ್ಳೋಣ ಅಂತ ಅಲ್ಲೇ ಬೆಂಚಿನ ಮೇಲೆ ಕೂರಿಸಿದರು. ಸೂಜಿ ಇಳಿಯುವಾಗ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ನಿಧಾನಕ್ಕೆ ತೆರೆದು, ಮೊದಲು ನನ್ನನ್ನು, ಆಮೇಲೆ ಕಿಟಕಿ ಕಡೆ ನೋಡಿದರು.

ಏನೂ ಆಗಲಿಲ್ಲ. ಗಂದೆ ಹೋಗಲು ಇನ್ನೂ ಸುಮಾರು ದಿನ ಹಿಡಿಯಿತು, ಒಂದೆರಡು ಸಲ ಮತ್ತೆ ಎದ್ದು ಹೆದರಿಸಿಯೂ ಹೋಯಿತು. ಐದನೆಯದನ್ನು ಡಾಕ್ಟರು ಹೇಳಿದ ದಿನವೇ ಹಾಕಿಸಿಕೊಂಡೆ. ಈಗ ಮಿಷಿನ್ನಿನ ಮೇಲಿನ ಸೀರೆ ತೆಗೆದಿದ್ದೇನೆ. ಬೆರಳು ಪೂರ್ತಿ ಬಗ್ಗುವುದಿಲ್ಲ, ಹುಕ್ಕು ಹಾಕುವ ಕೆಲಸವನ್ನು ರತ್ನಕ್ಕನಿಗೆ ಕೊಟ್ಟಿದ್ದೇನೆ, ಅವಳು ಈಗಲೂ ನಂಜು ಆಚೆಗೆ ಬಂದಿದ್ದೇ ಒಳ್ಳೇದಾಯಿತು ಅನ್ನುತ್ತಾಳೆ. ಅತ್ತೆಯೋ, ತಾವು ಕೇಳಿಕೊಂಡದ್ದಕ್ಕೆ ಅಮ್ಮ ಹೊರಟಳು ಅನ್ನುತ್ತಾರೆ. ನನಗೆ ಯಾವುದೂ ಪೂರ್ತಿ ಗೊತ್ತಿಲ್ಲ, ನಾನು ಯಾರ ಹತ್ತಿರವೂ ವಾದ ಮಾಡಲು ಹೋಗುವುದಿಲ್ಲ.

ಬೆಳಗಿನ ಚೊಂಬು ಮಾತ್ರ ನಿಂತಿಲ್ಲ. ಇಂಜೆಕ್ಷನ್ ಎಲ್ಲಾ ಮುಗಿಯಿತು, ಇನ್ನು ಭಯ ಇಲ್ಲ ಅಂತ ಹೇಳಿ ನೋಡಿದೆ. ಕುಡಿ ಅಂದರು. ಕೊನೇ ಗುಟುಕಿನವರೆಗೂ ಕುಡಿಯುತ್ತೇನೆ. ಖಾಲಿ ಚೊಂಬು ಕೈಗೆ ಕೊಡುವ ಮುಂಚೆ, ಹೊಲಿಗೆ ಡಬ್ಬಿಯಿಂದ ಒಂದು ದಾರದ ಉಂಡೆ ತೆಗೆದು ಅವರ ಮುಂದೆ ಹಿಡಿಯುತ್ತೇನೆ.

"ಇದು ಯಾವ ಬಣ್ಣ ಅತ್ತೆ?"

ಹತ್ತಿರಕ್ಕೆ ಎಳೆದುಕೊಂಡು, ಬೆಳಕಿಗೆ ತಿರುಗಿಸಿ, ನಿಧಾನಕ್ಕೆ ನೋಡಿ ಹೇಳುತ್ತಾರೆ. ಅವರು ಸರಿಯಾಗಿ ಹೇಳುವವರೆಗೂ ನಾನು ಅಂಗಡಿಗೆ ಹೊರಡುವುದಿಲ್ಲ.