ಬಾಲಿಗೆ ಕಿವಿ ಇಲ್ಲ ಎನ್ನುತ್ತಿದ್ದ ನಮ್ಮ ರುದ್ರೇಶ

ಇಲ್ಲ... ಇದು ಸುಳ್ಳಾಗಬೇಕು...

ಬೆಳಿಗ್ಗೆ ಬ್ಯಾಂಕಿನಲ್ಲಿ ಆಗಷ್ಟೇ ಕೌಂಟರಿಗೆ ಬಂದು ಕೂತಿದ್ದೆ.
ಭದ್ರಾವತಿಯಿಂದ ಸೆಲ್ವಿಯ ಫೋನು. ರುದ್ರೇಶನ ಹತ್ತಿರ ಫುಟ್‌ಬಾಲ್ ಕಲಿತ ಹುಡುಗಿ.
"ಮಂಜಣ್ಣಾ... ಸಾರ್ ಹೋಗ್ಬಿಟ್ರು..."
"ಎಲ್ಲಿಗಮ್ಮಾ? ಟೂರ್ನಮೆಂಟಿಗಾ?" ಎಂದೆ.
ಅವಳು ಅಳತೊಡಗಿದ ಮೇಲೆಯೇ ನನಗೆ ಅರ್ಥವಾಗಿದ್ದು...

ಪ್ರಾಕ್ಟೀಸ್ ಮುಗಿಸಿ, ಗೋಲಿನ ಬಲೆ ಬಿಚ್ಚಿಟ್ಟು, ಮನೆಗೆ ಹೋಗಿ ಕಾಫಿ ಕೇಳಿದನಂತೆ.
ಕಾಫಿ ಬರುವಷ್ಟರಲ್ಲಿ ಮುಗಿದೇ ಹೋಗಿತ್ತು... ಹಾರ್ಟ್ ಅಟ್ಯಾಕ್.
ಇನ್ನೂ ಐವತ್ತು ತುಂಬಿರಲಿಲ್ಲ ಕಣ್ರೀ!
ಜ್ವರ ಅಂತ ಒಂದು ದಿನ ಮಲಗಿದವನಲ್ಲ...

ಈ ಗ್ರೂಪಿಗೆ ಹೊಸದಾಗಿ ಸೇರಿದವರಿಗೆ ಅವನು ಗೊತ್ತಿರಲಿಕ್ಕಿಲ್ಲ.
ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮ ಶಿವಮೊಗ್ಗ ಕಾಲೇಜು ಟೀಮಿನ ಸೆಂಟರ್ ಫಾರ್ವರ್ಡ್ ರುದ್ರೇಶ.
ಆಯನೂರಿನಿಂದ ಬಸ್ಸಿನ ಫುಟ್‌ಬೋರ್ಡ್ ಮೇಲೆ ನೇತಾಡಿಕೊಂಡು ಬರುತ್ತಿದ್ದ. ಬೂಟು ಗೊಬ್ಬರದ ಚೀಲದಲ್ಲಿ.
ನಾನು ರೈಟ್ ವಿಂಗ್.
ಬಾಲ್ ತಂದು ಕೊಡುವುದು ನನ್ನ ಕೆಲಸ, ಅದನ್ನು ರಿಸೀವ್ ಮಾಡಿ ಗೋಲು ಹೊಡೆಯುವುದು ಅವನ ಕೆಲಸ.
ಎಷ್ಟೇ ಅಡ್ಡಾದಿಡ್ಡಿ ಕೊಡಿ... ಎದೆಗೆ ಬಿದ್ದ ಬಾಲು ಬೆಕ್ಕಿನ ಮರಿಯ ಹಾಗೆ ಅವನ ಕಾಲ ಬುಡಕ್ಕೆ ಇಳಿಯುತ್ತಿತ್ತು.
ಅಂಥ ಆಟಗಾರನನ್ನು ನಾನು ಮತ್ತೆ ನೋಡಲಿಲ್ಲ.

ಡಿಗ್ರಿ ಮುಗಿದ ಮೇಲೆ ಭದ್ರಾವತಿಯ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾದ.
ಬೆಳಿಗ್ಗೆ, ಸಂಜೆ ಪೇಪರ್ ಮಿಲ್ ಕ್ವಾರ್ಟರ್ಸ್ ಇರುವ ಕಾಗದನಗರದ ಗ್ರೌಂಡಿನಲ್ಲಿ ಕೋಚಿಂಗ್.
ಅಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ... ಎಲ್ಲ ಮನೆಯ ಮಕ್ಕಳೂ ಇದ್ದರು.
ಹೊಸ ಮಕ್ಕಳಿಗೆ ಮೊದಲ ವಾರ ಬಾಲು ಮುಟ್ಟಲೂ ಬಿಡುತ್ತಿರಲಿಲ್ಲ ಮಹಾರಾಯ. ಎಲ್ಲರ ಹೆಸರೂ ಬಾಯಿಪಾಠ ಆಗಬೇಕು. ಈ ಗೋಲಿನ ಹತ್ತಿರ ಒಬ್ಬ, ಆ ಗೋಲಿನ ಹತ್ತಿರ ಒಬ್ಬ ನಿಂತು ಹೆಸರು ಹಿಡಿದು ಕೂಗಬೇಕು.
"ಬಾಲ್ ಬಾಲ್ ಅಂತ ಅರಚಬೇಡ್ರೋ! ಬಾಲಿಗೆ ಕಿವಿ ಇಲ್ಲ. ಇಟ್ಕೊಂಡಿರೋನಿಗೆ ಇದೆ. ಅವನ ಹೆಸರು ಕೂಗ್ರೋ!"
ಕ್ವಾರ್ಟರ್ಸ್ ಹೆಂಗಸರು ಜಗಳಕ್ಕೇ ಬಂದಿದ್ದರು. "ಏನ್ ಸಾರ್, ಬೆಳಗಾದ್ರೆ ಸಾಕು, ಮನೆ ಸೂರು ಹಾರೋ ಹಾಗೆ ಕಿರುಚಿಸ್ತೀರಲ್ಲ!"
ಅವನು ನಗುತ್ತಿದ್ದ, ಅಷ್ಟೇ.
ಆ ಮಕ್ಕಳಲ್ಲಿ ಎಷ್ಟೋ ಜನ ಜಿಲ್ಲೆಗೆ ಆಡಿದರು. ಸೆಲ್ವಿ ಸ್ಟೇಟಿಗೇ ಆಡಿದಳು.

ಈ ಕೂಗುವ ಪಾಠ ಅವನಿಗೆ ಎಲ್ಲಿಂದ ಬಂತು ಗೊತ್ತೇ?
ನನ್ನಿಂದ...

ಕಾಲೇಜಿನ ಕೊನೆಯ ವರ್ಷ, ಫೈನಲ್ ಮ್ಯಾಚು. ಯೂನಿವರ್ಸಿಟಿ ಟೀಮಿಗೆ ಆರಿಸುವವರು ಶಾಮಿಯಾನದ ಕೆಳಗೆ ಕೂತಿದ್ದರು.
ಕೊನೆಯ ನಿಮಿಷ. ಒಂದು ಗೋಲಿನಿಂದ ಹಿಂದಿದ್ದೆವು.
ಇಬ್ಬರನ್ನು ದಾಟಿ ಒಳಗೆ ನುಗ್ಗಿದೆ. ಗೋಲ್‌ಕೀಪರ್ ನನ್ನ ಮೇಲೇ ಬಂದ. ಆ ಕಡೆ ಖಾಲಿ ಗೋಲಿನ ಮುಂದೆ ರುದ್ರೇಶ ಒಬ್ಬನೇ...
"ಮಂಜಾ! ಮಂಜಾ!"
ನಾನೇ ಹೊಡೆದೆ. ಬಾಲು ಕಂಬದ ಮೇಲಿಂದ ಹೋಯಿತು.
ಸೋತೆವು.

ಬೂಟು ಬಿಚ್ಚುತ್ತಾ ಕೇಳಿದ, "ಕೂಗಿದ್ದು ಕೇಳಿಸ್ಲಿಲ್ವೇನೋ?"
"ಆ ಗಲಾಟೇಲಿ ಏನ್ ಕೇಳಿಸುತ್ತೆ ಮಾರಾಯ!" ಎಂದುಬಿಟ್ಟೆ.
ಇನ್ನೊಂದು ಬೂಟನ್ನೂ ಬಿಚ್ಚಿ ಚೀಲಕ್ಕೆ ಹಾಕಿದ. ಆಮೇಲೆ, "ಹೌದು ಬಿಡು. ನಾನೇ ಇನ್ನೂ ಜೋರಾಗಿ ಕೂಗಬೇಕಿತ್ತು" ಎಂದ.
ಲಿಸ್ಟಿನಲ್ಲಿ ನನ್ನ ಹೆಸರು ಬಂತು, ಅವನದು ಬರಲಿಲ್ಲ. ಯೂನಿವರ್ಸಿಟಿಗೆ ಆಡಿದ ಆ ಸರ್ಟಿಫಿಕೇಟಿನ ಮೇಲೆಯೇ ನನಗೆ ಸ್ಪೋರ್ಟ್ಸ್ ಕೋಟಾದಲ್ಲಿ ಈ ಬ್ಯಾಂಕಿನ ಕೆಲಸ.

ಒಮ್ಮೆ ಅವನ ಬೇಸಿಗೆ ಕ್ಯಾಂಪಿಗೆ ನನ್ನನ್ನು ಅತಿಥಿಯಾಗಿ ಕರೆದಿದ್ದ. ಶಾಲು ಹೊದಿಸಿದ. ಮಕ್ಕಳಿಗೆ ಇದೇ ಕಥೆ ಹೇಳಿದ.
"ನಮ್ಮ ಮಂಜಣ್ಣಂದು ತಪ್ಪಿಲ್ಲ. ನನ್ನ ದನಿ ಸಾಲ್ಲಿಲ್ಲ. ಅವತ್ತು ಕಲಿತಿದ್ದು ನಾನು."
ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಮೈಕ್ ಹಿಡಿದು, ಕ್ರೀಡೆ ಆರೋಗ್ಯಕ್ಕೆ ಒಳ್ಳೆಯದು ಅಂತ ಏನೋ ಒದರಿ ಕೂತೆ.

ರುದ್ರೇಶಾ...
ಕೇಳಿಸಿತ್ತು ಕಣೋ.
ಎರಡು ಸಲವೂ ಕೇಳಿಸಿತ್ತು.
ಶಾಮಿಯಾನದ ಕೆಳಗೆ ಕೂತವರು ಕಣ್ಣಿಗೆ ಬಿದ್ದರು. ಗೋಲು ನನ್ನದೇ ಆಗಲಿ ಅಂತ ಆಸೆಪಟ್ಟೆ... ಅಷ್ಟೇ ಕಣೋ, ಬೇರೇನೂ ಇಲ್ಲ...
ನಿನ್ನ ದನಿಗೆ ಏನಾಗಿತ್ತು? ಇಡೀ ಸ್ಟೇಡಿಯಮ್ಮಿಗೆ ಕೇಳಿಸುವ ದನಿ ನಿನ್ನದು!
ಇಷ್ಟು ವರ್ಷದಲ್ಲಿ ಹೇಳೋಣ ಅಂತ ಎಷ್ಟು ಸಲ ಹೊರಟೆ. ಗಾಜನೂರು ಡ್ಯಾಮಿಗೆ ಎರಡೂ ಮನೆಯವರು ಹೋಗಿದ್ದಾಗ ಬಾಯಿತನಕ ಬಂದಿತ್ತು. ನೀನು ನನ್ನ ತಟ್ಟೆಗೆ ಚಿತ್ರಾನ್ನ ಬಡಿಸುತ್ತಿದ್ದೆ. ನುಂಗಿಕೊಂಡೆ.
ನಾನೊಬ್ಬ ಹೇಡಿ ಕಣೋ...

ಮಧ್ಯಾಹ್ನ ಅವನ ಮನೆಗೆ ಹೋಗಿದ್ದೆ. ನಾನು ಅಳುವುದನ್ನು ನೋಡಲಾರದೆ ಅವನ ಹೆಂಡತಿ ಗಿರಿಜಾ ನನಗೇ ಸಮಾಧಾನ ಹೇಳಿದರು.
"ಅಳಬೇಡಿ ಮಂಜಣ್ಣ. ನಿಮ್ಮನ್ನ ಎಷ್ಟು ನಂಬಿದ್ರು ಗೊತ್ತಾ? ಕೇಳಿಸಿದ್ರೆ ಮಂಜ ಕೊಡದೆ ಇರ್ತಿರಲಿಲ್ಲ ಅಂತ ಈಗ್ಲೂ ಹೇಳೋರು..."
ಅಲ್ಲಿ ಕೂರಲಾಗಲಿಲ್ಲ. ಎದ್ದು ಬಂದುಬಿಟ್ಟೆ.

ನಾಳೆ ಬೆಳಿಗ್ಗೆ ಅವನನ್ನು ಗ್ರೌಂಡಿಗೆ ತರುತ್ತಾರೆ. ಆಮೇಲೆ ಆಯನೂರಿನಲ್ಲಿ ಮಣ್ಣು.
ಸಾರ್ ಬಗ್ಗೆ ಎರಡು ಮಾತಾಡಿ ಎಂದು ಮಕ್ಕಳು ಕೇಳಿದ್ದಾರೆ.
ಆಡುತ್ತೇನೆ. ಇಲ್ಲಿ ಬರೆದಿದ್ದನ್ನೇ ಅಲ್ಲಿ ನಿಂತು ಹೇಳುತ್ತೇನೆ. ತಮ್ಮ ಸಾರ್ ಯಾವ ತಪ್ಪನ್ನೂ ಮಾಡಿರಲಿಲ್ಲ ಎಂದು ಆ ಮಕ್ಕಳಿಗೆ ಗೊತ್ತಾಗಲಿ.
ಅದಕ್ಕೂ ಮೊದಲು ಗಿರಿಜಾ ಅವರಿಗೆ ಹೇಳಬೇಕು. ಈಗ ಅಲ್ಲಿಗೇ ವಾಪಸ್ ಹೊರಟಿದ್ದೇನೆ.
ನನಗೆ ಬೈಯಬೇಕೆನಿಸಿದವರು ಬೈಯಿರಿ... ಒಂದು ಮಾತೂ ಎದುರಾಡುವುದಿಲ್ಲ.

ಹೋಗಿ ಬಾ ಗೆಳೆಯಾ...
ಆ ಶಿವ ನಿನ್ನ ಜೀವಕ್ಕೆ ನೆಮ್ಮದಿ ಕೊಡಲಿ.
ನನಗೆ ಕೊಡದಿದ್ದರೂ ಪರವಾಗಿಲ್ಲ...