ಬೇಲಿಯ ತೊಂಡೆಸೊಪ್ಪು

ಕಳೆದ ವಾರ ಹಿತ್ತಲಿನ ಚಪ್ಪರದಲ್ಲಿ ತೊಂಡೆಬಳ್ಳಿ ಸವರುತ್ತಿದ್ದಾಗ ಒಂದು ಹಿಡಿ ಎಲೆ ನನ್ನ ಅಂಗೈಯಲ್ಲಿ ಹಿಸುಕಿಹೋಯಿತು. ಹಸಿಯಾದ, ತುಸು ಕಹಿಯಾದ ಆ ವಾಸನೆ ಮೂಗಿಗೆ ತಾಗಿದೊಡನೆ ಕುಡುಗೋಲನ್ನು ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತೆ. ಅದಕ್ಕೆ ಒಂದಿಷ್ಟು ಇದ್ದಿಲಪುಡಿ ಸೇರಿದ್ದರೆ ಅದು ನಮ್ಮ ಮೇಷ್ಟರ ಶಾಲೆಯ ವಾಸನೆಯೇ ಆಗುತ್ತಿತ್ತು...

ಆ ಶಾಲೆಯ ನೆನಪಿಗಾಗಿ ಒಂದು ಪುಸ್ತಕ ಅಚ್ಚಾಗುತ್ತಿದೆ. ಅಂದಿನ ವಿದ್ಯಾರ್ಥಿಗಳಲ್ಲಿ ಪತ್ತೆಯಾದವಳು ನಾನೊಬ್ಬಳೇ ಎಂದು ಅಲ್ಲಿನ ತರುಣ ಶಿಕ್ಷಕರೊಬ್ಬರು ಅದರ ಕರಡನ್ನು ನನಗೆ ತಂದುಕೊಟ್ಟಿದ್ದರು. ನಮ್ಮ ಮೇಷ್ಟರ ಬಗ್ಗೆ ಅದರಲ್ಲಿ ಇದ್ದದ್ದು ಎರಡೇ ವಾಕ್ಯ: ಅವರು ಮಕ್ಕಳನ್ನು ಸೊಪ್ಪು ತರುವಂತಹ ಕೆಲಸಗಳಿಗೆ ಶಿಕ್ಷೆಯಾಗಿ ಕಳಿಸುತ್ತಿದ್ದರು, ಊರಿನವರ ದೂರಿನ ಮೇಲೆ ವರ್ಗವಾದರು.

ಬರೆದದ್ದನ್ನೆಲ್ಲ ನಂಬುವ ಅಭ್ಯಾಸ ನನಗಿಲ್ಲ. ನನ್ನ ಓದು ನಾಲ್ಕನೆಯ ತರಗತಿಗೆ ನಿಂತಿತು. ಉಳಿದದ್ದನ್ನು ನಾನು ಕಲಿತದ್ದು ಅಪ್ಪನ ದಿನಸಿ ಅಂಗಡಿಯಲ್ಲಿ, ಬೆಲ್ಲ ಬೇಳೆ ಕಟ್ಟಲು ತರಿಸಿದ್ದ ಹಳೆಯ ಕಾಗದಗಳನ್ನು ಓದಿ. ಯಾವ ಹಾಳೆಯೂ ಪೂರ್ತಿ ಇರುತ್ತಿರಲಿಲ್ಲ. ಹರಿದುಹೋದ ಅರ್ಧದಲ್ಲಿ ಏನಿತ್ತೆಂದು ಕೇಳುವ ಹಟ ನನಗೆ ಹತ್ತಿದ್ದು ಅಲ್ಲಿಯೇ. ಆದ್ದರಿಂದ ಆ ಎರಡು ವಾಕ್ಯಗಳನ್ನು ಓದಿದಾಗಲೂ ಇದನ್ನು ಮೊದಲು ಹೇಳಿದವರು ಯಾರು ಎಂದು ಕೇಳಿಕೊಂಡೆ. ಉತ್ತರಕ್ಕಾಗಿ ಹೆಚ್ಚು ಹುಡುಕಬೇಕಾಗಲಿಲ್ಲ.

ಐವತ್ತರ ದಶಕದ ನಡುವಿನ ಮಾತು. ಚನ್ನರಾಯಪಟ್ಟಣದಿಂದ ಬಂದು, ಹೊಳೆನರಸೀಪುರದಿಂದ ಹಳ್ಳಿಮೈಸೂರಿನ ಕಡೆಗೆ ಹೋಗುವ ದಾರಿಯ ಒಂದು ಊರಿನಲ್ಲಿ ಅಪ್ಪ ಅಂಗಡಿ ಹೂಡಿದ್ದರು. ಊರಿಗೆ ಅದೊಂದೇ ಅಂಗಡಿ, ಊರಿನವರ ಸಾಲವೆಲ್ಲ ಅಲ್ಲಿಯೇ. ಅಂಗಡಿಯವರ ಮಗಳ ತಂಟೆಗೆ ಹೋಗಬೇಡಿ ಎಂದು ತಾಯಂದಿರು ತಮ್ಮ ಮಕ್ಕಳಿಗೆ ಹೇಳಿಕಳಿಸುತ್ತಿದ್ದರು. ಹೀಗಾಗಿ ಶಾಲೆಯಲ್ಲಿ ಯಾರೂ ನನ್ನೊಡನೆ ಜಗಳವಾಡಲಿಲ್ಲ, ಆಟಕ್ಕೂ ಕರೆಯಲಿಲ್ಲ. ಕುಂಟೆಬಿಲ್ಲೆಯ ಗೆರೆಯ ಹೊರಗೆ ನಿಂತು ನಾನು ಬೇರೆಯವರ ಸರದಿಗಳನ್ನು ಎಣಿಸುತ್ತಿದ್ದೆ.

ನನ್ನಂತೆಯೇ ಒಂಟಿಯಾಗಿದ್ದವಳು ಇನ್ನೊಬ್ಬಳು. ಊರಾಚೆಯ ಕೇರಿಯಿಂದ ಬರುತ್ತಿದ್ದ ಅವಳು ಬಾಗಿಲ ಪಕ್ಕದಲ್ಲಿ ತನ್ನದೇ ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದಳು. ನನ್ನನ್ನು ಮುಟ್ಟಲು ಮಕ್ಕಳು ಹೆದರುತ್ತಿದ್ದರು. ಅವಳನ್ನು ಮುಟ್ಟಬಾರದೆಂದು ಅವರಿಗೆ ಕಲಿಸಲಾಗಿತ್ತು. ಎರಡೂ ಒಂದೇ ಎಂದು ನಾನು ಹೇಳಲಾರೆ.

ಮೇಷ್ಟರು ಅರಕಲಗೂಡಿನ ಕಡೆಯವರು. ಅವರ ಮುಖದಲ್ಲಿ ನಗೆ ಕಂಡ ನೆನಪಿಲ್ಲ. ಶಾಲೆಯ ಕರಿಹಲಗೆ ಬೆಳ್ಳಗಾದಾಗ ತೊಂಡೆಸೊಪ್ಪು ಅರೆದು, ಇದ್ದಿಲಪುಡಿ ಕಲಸಿ ಬಳಿಯಬೇಕಾಗಿತ್ತು. ಪ್ರತಿ ಶನಿವಾರ ಅದಕ್ಕಾಗಿ ಇಬ್ಬರನ್ನು ಗೊಣಗಿದಂತೆ ಕರೆದು ಬೇಲಿಗೆ ಕಳಿಸುತ್ತಿದ್ದರು. ಕಾಡುತೊಂಡೆ ಹಬ್ಬಿದ್ದದ್ದು ಕಳ್ಳಿಯ ಮುಳ್ಳಿನ ಮೇಲೆ. ಒಬ್ಬರು ಕವೆಗೋಲಿನಿಂದ ಬಳ್ಳಿಯನ್ನು ಎತ್ತಿ ಹಿಡಿದರೆ ಮಾತ್ರ ಇನ್ನೊಬ್ಬರು ಎಲೆ ಕೀಳಬಹುದಾಗಿತ್ತು. ಕೋಲು ಜಾರಿದರೆ ಮುಳ್ಳು ಗೀರುತ್ತಿದ್ದದ್ದು ಕೀಳುವವರ ಕೈಯನ್ನು. ಅದೊಂದು ಶಿಕ್ಷೆ ಎಂದೇ ನಾವೆಲ್ಲ ತಿಳಿದಿದ್ದೆವು.

ಒಂದು ಶನಿವಾರ ಅವರು ನನ್ನನ್ನೂ ಬಾಗಿಲ ಬಳಿಯ ಹುಡುಗಿಯನ್ನೂ ಕರೆದರು. ಹಿಂದಿನಿಂದ ಒಬ್ಬ, "ಅಂಗಡಿಯಮ್ಮಂಗೂ ಬಂತು ಕಣ್ಲಾ ಸೊಪ್ಪಿನ್ ಸರದಿ," ಎಂದ. ಎಲ್ಲರೂ ನಕ್ಕರು. ಪಟೇಲರ ಮಗ ಎದ್ದುನಿಂತು, "ಸಾ, ನಾನೂ ಇವ್ನೂ ಓಯ್ತೀವಿ ಸಾ," ಎಂದು ತನ್ನ ಗೆಳೆಯನನ್ನು ತೋರಿಸಿದ.

"ನೀವಿಬ್ರೂ ಬ್ಯಾಡ ಕಣ್ರಲಾ," ಎಂದರು ಮೇಷ್ಟರು. "ನಿಮಗೇನ್ ಕಮ್ಮಿಯಾಗದೆ? ಕೂತ್ಕಳಿ."

ಆ ಮಾತಿನ ಅರ್ಥ ನನಗಾಗಲು ಎಷ್ಟೋ ವರ್ಷ ಬೇಕಾಯಿತು.

ಬೇಲಿಯ ಬಳಿ ಅವಳು ನನ್ನ ಮುಖವನ್ನೂ ನೋಡದೆ, "ನೀವು ಕೋಲ್ ಇಡ್ಕಳಿ ಅವ್ವಾರೆ, ನಾನ್ ಕೀಳ್ತೀನಿ," ಎಂದಳು. ಒಂಬತ್ತು ವರ್ಷದವಳಿಗೆ ಒಂಬತ್ತು ವರ್ಷದವಳ ಮಾತು ಅದು. ಅಂದು ಇಬ್ಬರೂ ಬೇರೆ ಮಾತಾಡಲಿಲ್ಲ. ಮುಂದಿನ ಶನಿವಾರವೂ ನಮ್ಮನ್ನೇ ಕಳಿಸಿದರು. ಮೂರನೆಯ ವಾರ ನಾನು ಎಲ್ಲೋ ನೋಡುತ್ತ ಕೋಲು ಜಾರಿಸಿದೆ. ಅವಳು ಗೀರಿದ ಕೈಯನ್ನು ಬಾಯಿಗಿಟ್ಟುಕೊಂಡು, "ಲೇ ಅಮ್ಮಿ, ಕಣ್ಣೆಲ್ಲಿ ಮಡಗಿದ್ದೀಯೆ, ನಿನ್ ಕೋಲ್ಗಿಷ್ಟು," ಎಂದುಬಿಟ್ಟಳು. ಎಂದವಳೇ ಹೆದರಿ ನಿಂತಳು. ನನಗೆ ನಗು ಬಂತು, ಅವಳಿಗೂ ಬಂತು. ಆ ಊರಿಗೆ ಬಂದ ಮೇಲೆ ನನ್ನನ್ನು ಯಾರಾದರೂ ಬೈದದ್ದು ಅದೇ ಮೊದಲು. ಅಂದಿನಿಂದ ನಾನು ಅವಳಿಗೆ ಅಮ್ಮಿ, ನನಗೆ ಅವಳೂ ಅಮ್ಮಿ. ಸೊಪ್ಪು ಅರೆದು, ಒಂದೇ ಬಟ್ಟೆಯ ಎರಡು ತುದಿ ಹಿಡಿದು ಹಲಗೆ ಬಳಿಯುತ್ತಿದ್ದೆವು. ಕೈಗಳೆರಡೂ ಒಂದೇ ಹಸಿರಾಗಿರುತ್ತಿದ್ದವು...

ಆ ಹಸಿರೇ ಮನೆಯಲ್ಲಿ ಸಿಕ್ಕಿಹಾಕಿಸಿತು. ನಮ್ಮ ಮನೆಯಲ್ಲಿದ್ದ ಸೋದರತ್ತೆ ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿದರು.

"ಕೇರಿ ಉಡುಗಿ ಜೊತೆ ಬೇಲಿ ತಾವ ಕಿಲಕಿಲ ಅಂತಿದ್ದೆಯಂತಲ್ಲೇ?"

ಅವಳು ನನ್ನ ಗೆಳತಿ ಎನ್ನಬಹುದಾಗಿತ್ತು. ನಾನು ಹೇಳಿದ್ದು ಇಷ್ಟು: "ನಾನಾಗೇ ಓಗ್ಲಿಲ್ಲ ಅತ್ತೆ. ಮೇಷ್ಟ್ರು ಶಿಕ್ಷೆ ಕೊಟ್ಟವ್ರೆ."

ಅತ್ತೆ ಅದನ್ನು ಅಪ್ಪನಿಗೆ ಹೇಳಿದರು, ಅಪ್ಪ ಪಟೇಲರಿಗೆ. ತಿಂಗಳೊಳಗೆ ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರು ಶಾಲೆಗೆ ಬಂದರು. ತರಗತಿಯ ಮುಂದೆ ನನ್ನನ್ನು ನಿಲ್ಲಿಸಿ, ಸೊಪ್ಪಿಗೆ ಕಳಿಸಿದ್ದು ಶಿಕ್ಷೆಗೆ ಹೌದೋ ಅಲ್ಲವೋ ಎಂದು ಕೇಳಿದರು. ಬಾಗಿಲ ಬಳಿ ಅವಳು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು. ಕಿಟಕಿಯ ಹೊರಗೆ ಅಪ್ಪ ನಿಂತಿದ್ದರು. "ಊಂ ಸಾ," ಎಂದೆ. ಮೇಷ್ಟರು ಅಲ್ಲಗಳೆಯಲಿಲ್ಲ. ಮೇಜಿನ ಮೇಲಿದ್ದ ಬಳಪದ ಚೂರುಗಳನ್ನು ಒಟ್ಟುಮಾಡಿದರು.

ಬಾಗೂರಿನ ಕಡೆಗೆ ಅವರಿಗೆ ವರ್ಗವಾಯಿತು. ಹೊರಡುವ ದಿನ ಅವರು ನಮ್ಮಿಬ್ಬರನ್ನೂ ಕರೆದು ಹೇಳಿದ್ದು ಒಂದೇ ಮಾತು: "ನಾಳೆ ಶನಿವಾರ. ಸೊಪ್ಪು ನೀವೇ ನೋಡ್ಕಳಿ." ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮರುದಿನ ನಾನು ಬೇಲಿಯ ಕಡೆಗೆ ಹೋಗಲಿಲ್ಲ; ತಲೆಬಗ್ಗಿಸಿ ಮಗ್ಗಿ ಬರೆಯುತ್ತಿದ್ದೆ. ಅವಳು ಒಬ್ಬಳೇ ಹೋದಳು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಬಹಳ ಹೊತ್ತಿನ ಮೇಲೆ, ಎರಡೂ ಮುಂಗೈಗಳ ತುಂಬ ಗೀರು ಮಾಡಿಕೊಂಡು, ಒಂದು ಹಿಡಿಯಷ್ಟು ಎಲೆ ತಂದು ನನ್ನ ಸ್ಲೇಟಿನ ಪಕ್ಕದಲ್ಲಿಟ್ಟಳು.

"ಇಷ್ಟ್ ಸಾಕಾಯ್ತದಾ ನೋಡಿ, ಅವ್ವಾರೆ," ಎಂದಳು.

ಆ ವರ್ಷದ ಕೊನೆಗೆ ಅವಳು ಶಾಲೆ ಬಿಟ್ಟಳು. ಯಾವ ಊರಿಗೆ ಮದುವೆಯಾಗಿ ಹೋದಳೋ, ಈಗ ಇದ್ದಾಳೋ ಇಲ್ಲವೋ, ನನಗೆ ತಿಳಿಯದು.

ಅರವತ್ತರ ದಶಕದಲ್ಲಿ, ಮದುವೆಯಾದ ಮೇಲೆ, ಬಾಗೂರಿನ ಸಂತೆಗೆ ಹೋಗಿದ್ದಾಗ ಮೇಷ್ಟರನ್ನು ವಿಚಾರಿಸಿದೆ. ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಪಾಠ ಮಾಡುತ್ತಿದ್ದ ಹಳ್ಳಿಯ ರೈತರೊಬ್ಬರು ಸಂತೆಯಲ್ಲಿ ಸಿಕ್ಕಿ ಹೇಳಿದರು: "ಒಳ್ಳೇ ಮೇಷ್ಟ್ರು ಕಣವ್ವ. ಒಂದ್ ಕೆಲ್ಸಾನೂ ಐಕಳಿಗೆ ಏಳ್ತಿರ್ನಿಲ್ಲ. ವಯಸ್ಸಾಗಿದ್ರೂವೆ ಸೊಪ್ಪು ತಾವೇ ತಂದು, ತಾವೊಬ್ರೇ ಆ ಅಲಗೆ ಬಳ್ಕಂತಿದ್ರು."

ಆ ರೈತರು ಅದನ್ನು ಹೊಗಳಿಕೆಯಾಗಿ ಹೇಳಿದರು. ನಾನು ಸಂತೆಯ ನಡುವೆ ನಿಂತು, ನಮಗಿಂತ ಮೊದಲು ಸೊಪ್ಪಿಗೆ ಹೋದವರನ್ನು ಒಬ್ಬೊಬ್ಬರನ್ನಾಗಿ ನೆನೆದೆ. ಮಾತು ತೊದಲುತ್ತಿದ್ದವನು, ತಾಯಿಯಿಲ್ಲದವನು, ಶೆಟ್ಟಿಹಳ್ಳಿಯ ಕಡೆಯಿಂದ ಹೊಸದಾಗಿ ಬಂದವನು... ಗೆಳೆಯರಿದ್ದವರನ್ನು ಮೇಷ್ಟರು ಒಮ್ಮೆಯೂ ಕಳಿಸಿರಲಿಲ್ಲ. ಇದು ಅವರ ಉದ್ದೇಶವೇ ಆಗಿತ್ತೆಂದು ನಾನು ಪ್ರಮಾಣ ಮಾಡಲಾರೆ. ಅವರು ಯಾರಿಗೂ ಹೇಳಿದವರಲ್ಲ. ಆದರೆ ಆ ಹಳ್ಳಿಯಲ್ಲಿಯೂ ಆಟದ ಗೆರೆಯ ಹೊರಗೆ ನಿಂತ ಮಕ್ಕಳು ಇದ್ದೇ ಇದ್ದಿರಬೇಕು. ಅವರನ್ನು ಯಾರೂ ಬೇಲಿಗೆ ಕಳಿಸಲಿಲ್ಲ.

ಕರಡಿನ ಆ ಎರಡು ವಾಕ್ಯಗಳನ್ನು ಹೊಡೆದುಹಾಕಿ, ಅಂಚಿನಲ್ಲಿ ಹೀಗೆ ಬರೆದಿದ್ದೇನೆ: "ಶಿಕ್ಷೆ ಎಂದು ಹೇಳಿದವಳು ನಾನು. ಅದು ಸುಳ್ಳು." ತರುಣ ಶಿಕ್ಷಕರು ಅಚ್ಚು ಹಾಕಿಸುತ್ತಾರೋ ಇಲ್ಲವೋ ನೋಡಬೇಕು. ಸವರಿದ ಬಳ್ಳಿ ಚಪ್ಪರದ ಕೆಳಗೆ ಇನ್ನೂ ಬಿದ್ದಿದೆ. ಅಂಗೈಯ ಹಸಿರು ಎರಡು ದಿನಕ್ಕೆ ಹೋಯಿತು. ಲೇ ಅಮ್ಮಿ ಎಂದು ಕರೆಯುವವರು ಮಾತ್ರ ಆಮೇಲೆ ನನಗೆ ಯಾರೂ ಸಿಗಲಿಲ್ಲ.