ಹಾಡಿನ ನಡುವೆ ಕೂಗಿದ ರೈಲು

ಮಾತು ಹೊರಡುವ ಮೊದಲು ಅವರ ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗಿಳಿಯುತ್ತಿತ್ತು. ರೈಲು ಬರುವ ಮುಂಚೆ ಸಿಗ್ನಲ್ಲಿನ ಕೈ ಇಳಿಯುತ್ತದಲ್ಲ, ಹಾಗೆ. ಅದು ಇಳಿದದ್ದು ಕಂಡರೆ ಸ್ಟುಡಿಯೋದಲ್ಲಿ ನಾವು ಕುರ್ಚಿಯನ್ನು ಕೂಡ ಅಲ್ಲಾಡಿಸುತ್ತಿರಲಿಲ್ಲ. ತೆಳ್ಳಗಿನ ಉದ್ದ ಕುತ್ತಿಗೆ, ಅದಕ್ಕೆ ಏಪ್ರಿಲ್ ಬಿಸಿಲಿನಲ್ಲೂ ಕಂದು ಬಣ್ಣದ ಮಫ್ಲರ್, ಅಂಗಿಯ ಜೇಬಿನಲ್ಲಿ ಕಾಳುಮೆಣಸು, ಕಲ್ಲುಸಕ್ಕರೆಯ ಪೊಟ್ಟಣ. ಈ ಶೃಂಗಾರವೆಲ್ಲ ಗಂಟಲಿಗೆ. ಮೈಯ ಉಳಿದ ಭಾಗದ ಬಗ್ಗೆ ಅವರಿಗೆ ಅಂಥ ಕಾಳಜಿಯೇನೂ ಇರಲಿಲ್ಲ. ಅಂಗಿಯ ಗುಂಡಿಗಳು ಒಂದೊಂದು ದಿನ ಒಂದೊಂದು ಕಡೆ ತಪ್ಪಿರುತ್ತಿದ್ದವು.

ಅವರು ರೈಲ್ವೆಯಲ್ಲಿ ಅನೌನ್ಸರ್ ಆಗಿದ್ದವರು. ಎಲ್ಲ ಕಡೆ ಯಂತ್ರದ ದನಿ ಬರುವ ಮೊದಲು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಂದು ಅರಸೀಕೆರೆಗೆ ಹೇಳುತ್ತಿದ್ದ ದನಿ ಅವರದು. ನಿವೃತ್ತರಾದ ಮೇಲೆ ಮನೆಯಲ್ಲಿ ಸುಮ್ಮನಿರಲಾರದೆ ನಮ್ಮ ಪುಟ್ಟ ಸಮುದಾಯ ರೇಡಿಯೋ ಸೇರಿದರು. ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಸ್ಟುಡಿಯೋ, ಬಾಣಾವರ ದಾಟಿದರೆ ಕರಕರ ಎನ್ನುವ ಪ್ರಸಾರ. ಅಷ್ಟಕ್ಕೇ ಅವರು ರಾಜರ ಹಾಗೆ ಬಂದು ಕೂರುತ್ತಿದ್ದರು. ನಾವೆಲ್ಲ ಅವರನ್ನು ಅನೌನ್ಸರ್ ಸಾರ್ ಎನ್ನುತ್ತಿದ್ದೆವು. ನಾನು ಡಿಗ್ರಿ ಮುಗಿಸಿ ಅಲ್ಲಿಗೆ ಸೇರಿದಾಗ ನನ್ನ ಮೊದಲ ವಾಕ್ಯ ಕೇಳಿ ಅವರು ಹೇಳಿದ್ದು ಇಷ್ಟೇ: "ಕೊನೇ ಅಕ್ಷರ ನುಂಗ್ಬೇಡಮ್ಮ. ಪ್ಯಾಸೆಂಜರ್ರು ಆ ಅಕ್ಷರಕ್ಕೇ ಕಾಯ್ತಿರ್ತಾರೆ." ತರಕಾರಿ ದರ ಓದಿದರೂ ಅವರ ಲೆಕ್ಕದಲ್ಲಿ ಕೇಳುವವರೆಲ್ಲ ಪ್ಯಾಸೆಂಜರ್ರೇ.

ಅವರಿಗೆ ಎರಡು ಹುಚ್ಚು. ಒಂದು, ರೈಲಿನ ಕೂಗುಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವುದು. ಕಣ್ಣು ಮುಚ್ಚಿ ಕೇಳಿ, ಇದು ಮಳೆ ಬಂದ ದಿನದ ಕೂಗು ಎನ್ನುತ್ತಿದ್ದರು; ಪರೀಕ್ಷಿಸುವ ದಾರಿ ಇಲ್ಲದ್ದರಿಂದ ನಾವು ಒಪ್ಪಿಕೊಳ್ಳುತ್ತಿದ್ದೆವು. ಇನ್ನೊಂದು, ಹಳ್ಳಿ ಹಳ್ಳಿ ತಿರುಗಿ ಹೆಂಗಸರ ಹಾಡು ಹಿಡಿದು ತರುವುದು. ಹಾಗೆ ತಂದದ್ದರಲ್ಲಿ ಹಳೇಬೀಡಿನ ಪಕ್ಕದ ಹುಲಿಕೆರೆಯ ಅಜ್ಜಿಯೊಬ್ಬರು ಹಾಡಿದ ದೀಪಾವಳಿಯ ಹಾಡು ನಮ್ಮ ಕೇಂದ್ರದ ಕಿರೀಟ. ನರಕ ಚತುರ್ದಶಿಯ ಬೆಳಿಗ್ಗೆ ಒಮ್ಮೆ, ಬಲಿಪಾಡ್ಯಮಿಯ ಬೆಳಿಗ್ಗೆ ಒಮ್ಮೆ ಅದನ್ನು ಹಾಕುತ್ತಿದ್ದೆವು. ಅದು ಬಂದರೇ ಹಬ್ಬ ಎಂದು ಎಣ್ಣೆ ಹಚ್ಚಿಕೊಂಡು ಕಾಯುವ ಮನೆಗಳಿದ್ದವು.

ಹಾಡು ನಿಜಕ್ಕೂ ಚೆಂದ. ದೀಪ ಹಚ್ಚಿ, ಕೊಟ್ಟಿಗೆ ಸಾರಿಸಿ, ಹಸುವಿನ ಕೊರಳಿಗೆ ಹೂ ಕಟ್ಟುವ ಹಾಡು. ನಡುವೆ ಒಂದು ಸಾಲು ಮಾತ್ರ, ಹಬ್ಬದ ಸಂಜೆ ಇಂಥವರು ಬಂದಾರು, ಬಾಗಿಲು ಹಾಕವ್ವ ಎಂದು. ಆ 'ಇಂಥವರು' ಇದ್ದ ಜಾಗದಲ್ಲಿ ಮೂರಕ್ಷರದ ಒಂದು ಜಾತಿಯ ಬೈಗುಳ. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ನನ್ನ ಅಜ್ಜಿ ಚಿಕ್ಕವಳಿದ್ದಾಗ ಹಬ್ಬದ ಸಂಜೆ ಬುಟ್ಟಿ ಹಿಡಿದು ಊರ ಬಾಗಿಲುಗಳ ಮುಂದೆ ನಿಂತು ಆ ಪದ ಕೇಳಿಸಿಕೊಂಡವಳು. ನಮ್ಮಪ್ಪ ಗುಮಾಸ್ತರಾದರು, ನಾವು ಬೌದ್ಧರಾದೆವು, ಬುದ್ಧನ ಪಟದ ಮುಂದೆ ಒಂದು ದೀಪವಿಟ್ಟು ಹಬ್ಬದ ಅಡುಗೆಯನ್ನು ಮಾತ್ರ ಎಲ್ಲರ ಹಾಗೆ ಮಾಡುತ್ತೇವೆ. ಆದರೆ ಆ ಸಾಲು ಹತ್ತಿರ ಬಂದಾಗ ಅಮ್ಮ ಪ್ರತಿ ವರ್ಷ ಮಿಕ್ಸಿ ಹಾಕುತ್ತಿದ್ದರು. ರೇಡಿಯೋ ಆರಿಸುತ್ತಿರಲಿಲ್ಲ, ಮಗಳು ಕೆಲಸ ಮಾಡುವ ರೇಡಿಯೋ ಅಲ್ಲವೇ. ಜಾರಿನಲ್ಲಿ ಏನೂ ಇಲ್ಲದಿದ್ದರೂ ಮಿಕ್ಸಿ ತಿರುಗುತ್ತಿತ್ತು.

ಹಾಡು ಹಾಕುವವಳು ನಾನೇ. ಆ ಸಾಲಿಗೆ ನಾನು ಹೆಡ್‌ಫೋನ್ ತೆಗೆದು ಪಕ್ಕಕ್ಕಿಡುತ್ತಿದ್ದೆ. ಕೇಂದ್ರದಲ್ಲಿ ಯಾರಿಗೂ ನಮ್ಮ ಮನೆಯ ವಿಷಯ ಹೇಳಿರಲಿಲ್ಲ; ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರನೆಯ ವರ್ಷ ಧೈರ್ಯ ಮಾಡಿ, ಆ ಒಂದು ಪದ ತೆಗೆಯಬಹುದಾ ಸಾರ್ ಎಂದೆ. ಅವರು ಮಫ್ಲರ್ ಸಡಿಲಿಸಿ ಅರ್ಧ ಗಂಟೆ ಪಾಠ ಮಾಡಿದರು. ರೆಕಾರ್ಡಿಂಗ್ ಎಂದರೆ ದಾಖಲೆಯಂತೆ. ಹಾಡಿದವರು ಹಾಡಿದ್ದಾರೆ, ಕತ್ತರಿ ಹಿಡಿಯಲು ನಾವು ಯಾರು? ಇವತ್ತು ಒಂದು ಪದ ಕಿತ್ತರೆ ನಾಳೆ ಇನ್ನೊಬ್ಬರು ಬಂದು ಸಾಲು ಕೀಳುತ್ತಾರೆ, ಆಮೇಲೆ ಹಾಡು ಎಲ್ಲಿರುತ್ತದೆ? ವಾದದಲ್ಲಿ ಹುರುಳಿತ್ತು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ನನ್ನ ಮುಖ ನೋಡಿ ಅವರಿಗೇನನ್ನಿಸಿತೋ, ಪದ ತೆಗೆಯುವುದು ಬೇಡ, ಮುಚ್ಚೋಣ ಎಂದರು. ತಮ್ಮ ಸಂಗ್ರಹದಿಂದ ಒಂದು ಒಳ್ಳೆಯ ಕೂಗು ಆರಿಸಿ ಆ ಮೂರಕ್ಷರದ ಮೇಲೆ ಕೂರಿಸಿದರು. ಚತುರ್ದಶಿಯ ಬೆಳಿಗ್ಗೆ ಅರಸೀಕೆರೆಯ ಮನೆಮನೆಯಲ್ಲಿ, ಕೊಟ್ಟಿಗೆಗೂ ಬಾಗಿಲಿಗೂ ನಡುವೆ, ಒಂದು ರೈಲು "ಕೂ" ಎಂದು ಹಾದುಹೋಯಿತು.

ಊರಿಗೆ ಊರೇ ಅದರ ಕೆಳಗೆ ಏನಿತ್ತು ಎಂದು ಹುಡುಕಲು ನಿಂತಿತು. ಅಷ್ಟು ವರ್ಷ ಕಿವಿಗೆ ಬಿದ್ದರೂ ಯಾರೂ ಗಮನಿಸದೆ ಬಿಟ್ಟಿದ್ದ ಪದ ಒಂದೇ ಬೆಳಿಗ್ಗೆಗೆ ಎಲ್ಲರ ಬಾಯಿಗೆ ಬಂತು. ಫೋನಿನ ಮೇಲೆ ಫೋನು. ಬೀದಿಯಲ್ಲಿ ಮಕ್ಕಳು ಪಟಾಕಿ ಬಿಟ್ಟು ಹಾಡು ಹಿಡಿದರು. ಆ ಜಾಗ ಬಂದಾಗ ಎಲ್ಲರೂ ಸೇರಿ "ಕೂ". ಪಕ್ಕದ ಮನೆಯ ಪುಟ್ಟ ಹುಡುಗಿಯಂತೂ ನಮ್ಮ ಬಾಗಿಲಿಗೇ ಬಂದು, ಆಂಟಿ, ಕೂ ಅಂದಲ್ಲಿ ಏನು ಪದ ಎಂದು ಅಮ್ಮನನ್ನು ಕೇಳಿದಳು. ಅಮ್ಮ, ಗೊತ್ತಿಲ್ಲ ಪುಟ್ಟಿ ಎಂದು ಅವಳ ಕೈಗೆ ಒಂದು ಕಜ್ಜಾಯ ಕೊಟ್ಟು ಒಳಗೆ ಬಂದರು. ಹಾಡು ಹಾಕಿ ಆಗಷ್ಟೇ ಮನೆಗೆ ಬಂದಿದ್ದ ನಾನು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಸೀದಾ ರೇಡಿಯೋಗೆ ಹೋದೆ.

ಸಾರ್ ಅಲ್ಲಿ ಫೋನುಗಳಿಗೆ ಉತ್ತರ ಹೇಳಿ ಸುಸ್ತಾಗಿ ಕೂತಿದ್ದರು. ನಾನು ಮಾತಾಡದೆ ಮೂಲ ರೆಕಾರ್ಡಿಂಗ್ ತೆಗೆದು, ಅವರ ಕಿವಿಗೆ ಹೆಡ್‌ಫೋನ್ ಹಾಕಿ, ದನಿ ಪೂರ್ತಿ ಏರಿಸಿ ಆ ಸಾಲು ಕೇಳಿಸಿದೆ. ಆಮೇಲೆ ಹೇಳಿದೆ: "ಸಾರ್, ಅದು ನಮ್ಮ ಮನೆಯೋರ್ನ ಅನ್ನೋದು. ಪ್ರತಿ ವರ್ಷ ಅದನ್ನ ನನ್ನ ಕೈಯಲ್ಲೇ ಹಾಕಿಸ್ತಿದ್ರಿ."

ಅವರ ಗಂಟಲಮಣಿ ಮೇಲೆ ಹೋಯಿತು, ಕೆಳಗಿಳಿಯಲಿಲ್ಲ. ಇನ್ನೊಂದು ಸಲ ಹಾಕು ಎಂದು ಕೈಸನ್ನೆ ಮಾಡಿದರು. ಮತ್ತೊಂದು ಸಲ. ಮೂರನೆಯ ಸಲ ಕೇಳಿ ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಿಡಿದರು. ಅಜ್ಜಿಯ ಸಾಲು ಮುಗಿದ ಕೂಡಲೇ, ಸ್ಪೀಕರಿನಲ್ಲಿ ಎಂದೂ ಕೇಳಿಸದಷ್ಟು ಸಣ್ಣಗೆ, ಹಿಂದಿನಿಂದ ಒಂದು ಗಂಡು ದನಿ "ಆಹಾ" ಎಂದಿತ್ತು.

"ಅದು ನಂದೇ ದನಿ ಕಣಮ್ಮ," ಎಂದರು. "ರಾಗಕ್ಕೆ ಆಹಾ ಅಂದಿದೀನಿ. ಪದ ಕಿವಿಗೇ ಬಿದ್ದಿಲ್ಲ ನೋಡು."

ಮಾರನೆಯ ದಿನ ಅಮಾವಾಸ್ಯೆ. ಬೆಳಿಗ್ಗೆ ಬಸ್ಸಿನಲ್ಲಿ ಹಳೇಬೀಡಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಹುಲಿಕೆರೆಗೆ ಹೋದೆವು. ಕಲ್ಯಾಣಿಯ ಹಿಂದಿನ ಬೀದಿಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಮ್ಮ ಪ್ರಸಾರ ಅಲ್ಲಿಯವರೆಗೆ ಬರುವುದಿಲ್ಲವಾದ್ದರಿಂದ ತಮ್ಮ ಹಾಡನ್ನು ಅವರು ಕೇಳಿಯೇ ಇರಲಿಲ್ಲ. ಮೊಬೈಲಿನಲ್ಲಿ ಕೇಳಿಸಿದೆವು. ತಮ್ಮ ದನಿಗೆ ತಾವೇ ತಲೆದೂಗಿದರು. ಸಾರ್ ವಿಷಯ ಎತ್ತಲು ಹೋಗಿ ಮೂರು ಸಲ ಕೆಮ್ಮಿದರು. ಅಷ್ಟು ವರ್ಷ ಮೈಕಿನ ಮುಂದೆ ಬದುಕಿದವರಿಗೆ ಒಬ್ಬ ಮುದುಕಿಯ ಮುಂದೆ ಬಾಯಿ ಕಟ್ಟಿತ್ತು. ಕೊನೆಗೆ ಎಲ್ಲವನ್ನೂ ನಾನೇ ಹೇಳಿದೆ, ಬುಟ್ಟಿ ಹಿಡಿದು ನಿಲ್ಲುತ್ತಿದ್ದ ನನ್ನ ಅಜ್ಜಿಯ ಕಥೆಯನ್ನೂ ಸೇರಿಸಿ.

ಅಜ್ಜಿಯ ಕೈ ನಿಂತಿತು. ಮೊದಲು ಅವರಿಗೆ ಸಿಟ್ಟೇ ಬಂದಿದ್ದು. ನಾನೇನು ಬೈದ್ನಾ, ಹಾಡಲ್ಲಿತ್ತು, ಹಾಡಿದೆ ಎಂದರು. ಮತ್ತೆ ಒಬ್ಬರೇ ಆ ಸಾಲನ್ನು ತುಟಿಯಲ್ಲೇ ಹೇಳಿಕೊಂಡರು, ಒಂದೊಂದೇ ಪದ. ನನ್ನ ಮುಖ ನೋಡಿದರು. ಎದ್ದು ಒಳಗೆ ಹೋಗಿಬಿಡುತ್ತಾರೇನೋ ಎಂದುಕೊಂಡೆ.

"ಇದು ನಮ್ಮತ್ತೆ ಹೇಳ್ಕೊಟ್ಟಿದ್ದು," ಎಂದರು ಕೊನೆಗೆ. "ಆ ಯಮ್ಮ ಬದುಕಿದ್ದಾಗ್ಲೇ ಆ ಯಮ್ಮನ ಮಾತು ನಾನು ಕೇಳ್ತಿರ್ನಿಲ್ಲ. ಈಗ್ಯಾಕೆ ಕೇಳ್ಬೇಕು?"

ಸಾರ್ ಜೋರಾಗಿ ನಕ್ಕರು. ಬಾಯಿಯ ಕಟ್ಟು ಆಗ ಬಿಚ್ಚಿತು. ದಾರಿಯುದ್ದಕ್ಕೂ ಯೋಚಿಸಿಟ್ಟುಕೊಂಡಿದ್ದ ಪದ ಹೊರಗೆ ತೆಗೆದರು: 'ಕಳ್ಳರು' ಎಂದರೆ ಮೂರಕ್ಷರ, ತಾಳಕ್ಕೆ ಸರಿ ಕೂರುತ್ತದೆ. ಹಬ್ಬದ ದಿನ ಕಳ್ಳರ ಸುದ್ದಿ ಯಾಕೆ ಎಂದು ಅಜ್ಜಿ ಅದನ್ನು ಸಿಪ್ಪೆಯ ಜೊತೆ ಆಚೆ ಹಾಕಿದರು. ಬೆರಳಲ್ಲಿ ತಾಳ ಹಾಕುತ್ತಾ ಏನೇನೋ ಗುನುಗಿ, "ನೆಂಟರು ಬಂದಾರು" ಎಂದರು. ಅಲ್ಲಿಗೇ ತಡೆದರು. ಮುಂದಿನ ಪದಗಳು, ಬಾಗಿಲು ಹಾಕವ್ವ, ಹಾಗೇ ಇದ್ದವಲ್ಲ.

"ಅಯ್ಯೋ, ನೆಂಟ್ರು ಅಂದ್ಮೇಲೆ ಬಾಗ್ಲು ಹಾಕಕ್ಕಾಯ್ತದಾ?" ಎಂದವರೇ ದನಿ ಎತ್ತಿ ಹಾಡಿಬಿಟ್ಟರು: "ನೆಂಟರು ಬಂದಾರು, ಬಾಗಿಲು ತೆಗಿಯವ್ವ."

ಒಂದು ಪದ ಬದಲಾದರೆ ಸಾಕೆಂದು ಹೋಗಿದ್ದೆ. ಬಾಗಿಲೇ ತೆರೆದುಕೊಂಡಿತು. ಅಲ್ಲೇ ಜಗುಲಿಯ ಮೇಲೆ ನಾನು ಅತ್ತುಬಿಟ್ಟೆ, ಸಾರ್ ನನ್ನ ಕಡೆ ನೋಡದೆ ಮೈಕ್ ಸರಿಮಾಡಿದರು. ಈ ಸಲ ಹಾಡು ಮುಗಿಯುವವರೆಗೆ ಮಫ್ಲರಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದುಕೊಂಡಿದ್ದರು, ಆಹಾ ಎಂದುಬಿಟ್ಟೇನು ಎಂದು.

ಪಾಡ್ಯದ ಬೆಳಿಗ್ಗೆ ಹಾಡಿಗೆ ಮುಂಚೆ ಅವರು ಓದಬೇಕಾದ ನಾಲ್ಕು ಸಾಲನ್ನು ನಾನೇ ಬರೆದುಕೊಟ್ಟಿದ್ದೆ. ಕೊನೆಯಲ್ಲಿ, ಸ್ವಲ್ಪ ಕುಚೋದ್ಯಕ್ಕೇ, 'ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಎಂದು ಸೇರಿಸಿದ್ದೆ. ಅವರು ಪೆನ್ನು ತೆಗೆದು ಅದನ್ನು ಹೊಡೆದುಹಾಕಿದರು. ಗಾಡಿ ಲೇಟಾದಾಗಲೆಲ್ಲ ಅದನ್ನು ಹೇಳಿ ಹೇಳಿ, ಒಂದು ಸಲವೂ ತಮಗೆ ವಿಷಾದ ಆಗಿರಲಿಲ್ಲ ಎಂದರು. ಆಮೇಲೆ ಚೀಟಿಯನ್ನೇ ಮಡಿಸಿಟ್ಟು ಮೈಕಿಗೆ ಹೇಳಿದರು: "ಈ ಹಾಡಲ್ಲಿ ಒಂದು ಬೈಗುಳ ಇತ್ತು. ಇಷ್ಟು ವರ್ಷ ಅದನ್ನ ಪ್ರಸಾರ ಮಾಡಿದವನು ನಾನು. ಮೊನ್ನೆ ಅದರ ಮೇಲೆ ರೈಲು ಕೂಗಿಸಿದವನೂ ನಾನೇ. ತಪ್ಪಾಯ್ತು. ಹಾಡಿದವರೇ ಅದನ್ನ ಸರಿ ಮಾಡಿ ಕೊಟ್ಟಿದ್ದಾರೆ, ಕೇಳಿ." ಕೊನೆಯ ಅಕ್ಷರವನ್ನು ನುಂಗಲಿಲ್ಲ.

ಮನೆಯಲ್ಲಿ ಅವತ್ತು ಮಿಕ್ಸಿ ತಿರುಗಲಿಲ್ಲವಂತೆ. ಅಮ್ಮ ಫೋನ್ ಮಾಡಿ, ನಿಮ್ಮ ಸಾರನ್ನ ಊಟಕ್ಕೆ ಕರ್ಕೊಂಡ್ ಬಾ ಎಂದರು. ಅವರದು ಮಾಲೇಕಲ್ಲು ದೇವಸ್ಥಾನದ ಕಡೆಯ ಪೂಜೆಯ ಮನೆತನ ಎಂದು ಹೇಳಿದ್ದಕ್ಕೆ, ಅಮ್ಮ ಬೆಳ್ಳುಳ್ಳಿ ಹಾಕಿ ಒಂದು, ಹಾಕದೆ ಒಂದು ಎಂದು ಎರಡು ಸಾರು ಮಾಡಿದ್ದರು. ಅವರು ಬೆಳ್ಳುಳ್ಳಿಯದನ್ನೇ ಮೂರು ಸಲ ಹಾಕಿಸಿಕೊಂಡು, ಉಪ್ಪು ಒಂದು ಚೂರು ಮುಂದಾಗಿದೆ ಎಂದು ತಪ್ಪನ್ನೂ ಹುಡುಕಿದರು. ಅಮ್ಮನಿಗೆ ಅದರಿಂದ ಆದ ಸಂತೋಷ ಇಷ್ಟಿಷ್ಟಲ್ಲ. ತಪ್ಪು ಹುಡುಕುವವರು ನೆಂಟರೇ ಅಲ್ಲವೇ. ಆಮೇಲಿನ ಪ್ರತಿ ದೀಪಾವಳಿಗೂ ಕರೆಯದೆಯೇ ಬಂದರು.

ಈ ವರ್ಷ ಆಷಾಢದಲ್ಲಿ ಅವರು ಹೋಗಿಬಿಟ್ಟರು. ನಾಲ್ಕು ದಿನದ ಜ್ವರ, ಅಷ್ಟೇ. ನನಗೆ ಅಪ್ಪ ಹೋದಾಗ ಆದಷ್ಟೇ ಸಂಕಟವಾಯಿತು, ಅದನ್ನು ಬೇರೆ ಹೇಗೂ ಹೇಳಲು ಬರುವುದಿಲ್ಲ. ದೀಪಾವಳಿಯ ಬೆಳಿಗ್ಗೆ ಸ್ಟುಡಿಯೋದಲ್ಲಿ ನಾನೊಬ್ಬಳೇ. ಹಾಡು ಮುಗಿಯುವ ಮೊದಲೇ ನೇರಪ್ರಸಾರದ ಫೋನ್ ಬಂತು. ಬಾಣಾವರದಿಂದ ಒಬ್ಬ ಹಿರಿಯರು, ದನಿಯಲ್ಲಿ ಸಿಟ್ಟು. "ಹಳೇ ಹಾಡು ಹಾಕ್ರಿ. ಯಾರನ್ನ ಕೇಳಿ ಬದಲಾಯ್ಸಿದ್ರಿ?"

ಇಂಥ ಫೋನುಗಳನ್ನು ಇಷ್ಟು ವರ್ಷ ಸಾರ್ ತೆಗೆದುಕೊಳ್ಳುತ್ತಿದ್ದರು. ಕೈ ಅಭ್ಯಾಸಬಲದಿಂದ ಪಕ್ಕದ ಕುರ್ಚಿಯ ಕಡೆ ಹೋಯಿತು.

"ಬದಲಾಯ್ಸಿದ್ದು ಹಾಡಿದ ಅಜ್ಜೀನೇ ಸಾರ್," ಎಂದೆ. "ಬದಲಾಯ್ಸಿ ಅಂತ ಕೇಳಿದ್ದು ನಾನು. ಆ ಪದ ನಮ್ಮನ್ನ ಅನ್ನೋದು. ನಮ್ಮಜ್ಜೀನ, ನಮ್ಮಮ್ಮನ್ನ, ನನ್ನನ್ನ."

ಬಾಣಾವರದವರೆಗೆ ಊರೂರು ನಮ್ಮಿಬ್ಬರ ಉಸಿರು ಕೇಳಿರಬೇಕು. ಫೋನ್ ಇಟ್ಟರೇನೋ ಎಂದುಕೊಳ್ಳುವಷ್ಟರಲ್ಲಿ, "ಹಬ್ಬದ ದಿನ ಡ್ಯೂಟೀನಾ? ತಿಂಡಿ ಆಯ್ತಾ ತಾಯಿ?" ಎಂದರು. ಇನ್ನೂ ಇಲ್ಲ ಎಂದೆ. "ನಾನು ಸಿಟ್ನಲ್ಲಿ ಅರ್ಧಕ್ಕೇ ಆಫ್ ಮಾಡ್ಬಿಟ್ಟೆ. ಅದನ್ನೇ ಇನ್ನೊಂದ್ಸಲ ಹಾಕ್ಬಿಡಿ, ಪೂರ್ತಿ ಕೇಳ್ತೀನಿ."

ಹಾಕಿದೆ. ಆಡಬೇಕಾದ ಮಾತು ಕೊನೆಯ ಅಕ್ಷರ ನುಂಗದೆ ಪೂರ್ತಿ ಹೊರಗೆ ಬಂದಿತ್ತು, ಅದೂ ನನ್ನದೇ ದನಿಯಲ್ಲಿ. ಅಷ್ಟನ್ನು ಸಾರ್ ನನಗೆ ಕಲಿಸಿ ಹೋಗಿದ್ದಾರೆ.